ಮೂವತ್ತೆರಡು ತಲೆಗಳ ಫೈಲು

ಅಬ್ಬಿಗೆರೆಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಡಿಸೈನ್ ಮಾಡೋ ಕಂಪ್ಯೂಟರ್ ಮಹಡಿ ಮೇಲಿತ್ತು, ಪ್ರಿಂಟ್ ಹಾಕೋದು ಕೆಳಗಿತ್ತು. ಮೇಲಿನದಕ್ಕೆ ಬೆಳಗ್ಗೆ ಏನೋ ಅಪ್‌ಡೇಟ್ ಆಗಿ, ಒಂದು ಫೈಲ್ ಕೆಳಗಿಳಿಯೋಕೆ ನಾಲ್ಕು ಗಂಟೆ ಬೇಕು ಅಂತ ತೋರಿಸ್ತಿತ್ತು. ಹಿಂದೊಮ್ಮೆ ವೈರಸ್ ಬಂದಿದ್ದರಿಂದ ಪೆನ್‌ಡ್ರೈವ್ ಅಂದರೆ ಓನರ್ ಉರಿದು ಬೀಳ್ತಿದ್ದರು. ಹಾಗಾಗಿ ನೆಟ್‌ವರ್ಕ್ ರಿಪೇರಿ ಮಾಡುವ ನನ್ನನ್ನು ಕರೆಸಿದ್ದರು.

ಫೈಲಿನಲ್ಲಿ ಇದ್ದದ್ದು ಏರಿಯಾದ ಲೀಡರ್ ಅಣ್ಣನಿಗೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ಶುಭ ಕೋರುವವರ ಮೂವತ್ತೆರಡು ತಲೆ. ಬ್ಯಾನರ್ ಒಯ್ಯಲು ಬಂದಿದ್ದ ಅಣ್ಣನ ಶಿಷ್ಯ ನನ್ನ ಬೆನ್ನ ಹಿಂದೆಯೇ ನಿಂತಿದ್ದ.

"ಸಂಜೆ ಅಣ್ಣ ಕೇಕ್ ಕಟ್ ಮಾಡೋದ್ರೊಳ್ಗೆ ಬ್ಯಾನರ್ ಕಟ್ಬೇಕು ಸಾರ್. ಇಷ್ಟೆಲ್ಲಾ ಓದಿದೀರ, ಒಂದ್ ಫೈಲ್ ಕಳ್ಸೋಕಾಗಲ್ವಾ?"

ಅಪ್‌ಡೇಟು ಕೇಳದೇ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಬದಲಾಯಿಸಿತ್ತು. ಹಳೆಯದನ್ನೇ ವಾಪಸ್ ಹಾಕಿದೆ. ಫೈಲು ಎರಡೇ ನಿಮಿಷದಲ್ಲಿ ಕೆಳಗಿಳಿಯಿತು. ಶಿಷ್ಯ ಸ್ಕ್ರೀನ್ ನೋಡಿದ.

"ನನ್ ಫೋಟೋ ಯಾಕ್ರೀ ಮೂರನೇ ಸಾಲಲ್ಲೈತೆ?"

ಅವನನ್ನು ಎರಡನೇ ಸಾಲಿಗೆ ಹತ್ತಿಸಿದರು. ಅಲ್ಲಿಂದ ಮೂರನೇ ಸಾಲಿಗೆ ಇಳಿದವನಿಗೆ ಅದು ಹೇಗೋ ಗೊತ್ತಾಗಿ, ಅವನೂ ಗಾಡಿ ಹತ್ತಿ ಬಂದ. ಆಮೇಲೆ ಇನ್ನೊಬ್ಬ. ಮತ್ತೆ ನಿಧಾನವಾದರೆ ಅಂತ ಓನರ್ ನನ್ನನ್ನು ಬಿಡಲಿಲ್ಲ. ತಲೆಗಳು ಹತ್ತಿ ಇಳಿಯುವಷ್ಟರಲ್ಲಿ ಕತ್ತಲಾಯಿತು. ಪ್ರತಿ ಸಲವೂ ಫೈಲು ಮಾತ್ರ ಎರಡೇ ನಿಮಿಷದಲ್ಲಿ ಇಳಿಯುತ್ತಿತ್ತು.

ಬ್ಯಾನರ್ ಇಲ್ಲದೆಯೇ ಅಣ್ಣ ಕೇಕ್ ಕತ್ತರಿಸಿದರಂತೆ. ಫೋನ್ ಬಂತು. ಶಿಷ್ಯ ನನ್ನ ಮುಖ ನೋಡುತ್ತಲೇ ಹೇಳಿದ:

"ನೆಟ್‌ವರ್ಕ್ ಸ್ಲೋ ಅಣ್ಣ. ಯಾರನ್ನೋ ಕರ್ಸಿದ್ರು, ಅವನ್ ಕೈಲಿ ಆಗ್ಲೇ ಇಲ್ಲ."