ತೋಡಿನ ಕರೆಂಟು

ನಮ್ಮ ಅಂಗಳದಲ್ಲಿ ಬಿಸಿಲಿನ ಮೇಲೆ ಮೊದಲ ಹಕ್ಕು ಅಡಿಕೆಯದು. ಮನುಷ್ಯರು ಆಮೇಲೆ. ಜಾಲ್ಸೂರಿನಿಂದ ಸುಳ್ಯಕ್ಕೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಮನೆ. ಎರಡು ಬದಿಗೆ ಗುಡ್ಡ, ಮಾಡಿನ ಮೇಲೆ ಹಲಸಿನ ಮರದ ನೆರಳು. ಬಿಸಿಲು ದಿನವಿಡೀ ನಿಲ್ಲುವ ಜಾಗವೆಂದರೆ ಅಂಗಳ ಒಂದೇ. ಹಾಗಾಗಿ ಸೋಲಾರ್ ಪ್ಯಾನೆಲ್ ಎಲ್ಲಿ ಕೂರಿಸುವುದೆಂಬ ಮಾತು ಬಂದಾಗ ಅತ್ತೆಯನ್ನು ಕೇಳದೆ ವಿಧಿಯಿರಲಿಲ್ಲ. ತೋಟದ ಯಜಮಾನಿಕೆ ಮಾವ ಹೋದ ಮೇಲೆ ನನ್ನ ಗಂಡನಿಗೆ ಬಂದಿದೆ, ಅಂಗಳದ ಯಜಮಾನಿಕೆ ಮಾತ್ರ ಅತ್ತೆಯ ಕೈ ಬಿಟ್ಟು ಹೋದದ್ದಿಲ್ಲ.

"ಬಡಗು ಬದಿಯಲ್ಲಿ ಇಡಿ. ನೆರಳು ಆಚೆ ಬೀಳ್ಲಿ. ಅಡಿಕೆ ಮೇಲೆ ಬಿದ್ರೆ ನಾನೇ ಕಿತ್ತು ಬಿಸಾಡ್ತೇನೆ" ಎಂದರು.

ಗಾಳಿ ಹಿಡಿಯದಿರಲಿ ಎಂದು ಸೊಂಟದ ಎತ್ತರಕ್ಕೆ ಕಂಬ ಹಾಕಿ, ಅಂಗಳದ ಬಡಗು ಅಂಚಿಗೆ ಪ್ಯಾನೆಲ್‌ಗಳನ್ನು ಕೂರಿಸಿದೆವು. ಇಷ್ಟೆಲ್ಲ ಮಾಡಿದ್ದು ನನ್ನ ಕಾರಿಗಾಗಿ.

ಕಾರು ನನ್ನದು ಎಂದು ಒತ್ತಿ ಹೇಳುತ್ತೇನೆ, ಅದಕ್ಕೆ ಕಾರಣವಿದೆ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ನನ್ನ ಎಡಗಾಲಿಗೆ ಬಲವಿಲ್ಲ. ಕ್ಲಚ್ ತುಳಿಯುವ ಗಾಡಿ ನನ್ನಿಂದಾಗದು, ಬಸ್ಸಿನ ಮೆಟ್ಟಿಲು ಹತ್ತುವುದೂ ದೊಡ್ಡ ಕಸರತ್ತು. ಸುಳ್ಯದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಎಷ್ಟೋ ವರ್ಷ ಗಂಡನ ಪುರುಸೊತ್ತು ನೋಡಿಕೊಂಡು ಹೋಗಿ ಬಂದವಳು. ಅವರು ಒಳ್ಳೆಯವರೇ, ಕರೆದುಕೊಂಡು ಹೋಗುವುದಿಲ್ಲ ಎಂದವರಲ್ಲ. ಆದರೆ "ಹೋಗುವಾ?" ಎಂದು ಕೇಳುವುದಕ್ಕೂ "ಹೋಗ್ತೇನೆ" ಎನ್ನುವುದಕ್ಕೂ ಇರುವ ಅಂತರ ಕೇಳಿದವರಿಗೇ ಗೊತ್ತು. ಕರೆಂಟಿನ ಕಾರಿಗೆ ಬಲಗಾಲು ಒಂದಿದ್ದರೆ ಸಾಕು. ಲೈನಿನ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಗಲಿರಲಿ ರಾತ್ರಿಯಿರಲಿ, ತೋಟಗಳಲ್ಲಿ ಪಂಪು ಶುರುವಾಯಿತೆಂದರೆ ವೋಲ್ಟೇಜು ಬಲ್ಬನ್ನು ಕೆಂಪಗೆ ಮಾಡುವಷ್ಟೇ ಇರುತ್ತದೆ, ಕಾರಿನ ಚಾರ್ಜರ್ ಅದನ್ನು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಬಿಸಿಲು. ಶನಿವಾರ ಮನೆಯಲ್ಲಿದ್ದು ಕಾರನ್ನು ಪ್ಯಾನೆಲ್ಲಿನ ತಂತಿಗೆ ಸಿಕ್ಕಿಸಿದರೆ ವಾರದ ಓಡಾಟಕ್ಕೆ ಧಾರಾಳವಾಯಿತು.

ಅತ್ತೆ ಮೊದಮೊದಲು ಕಾರನ್ನು ಗೇಲಿ ಮಾಡುತ್ತಿದ್ದರು. ಸದ್ದಿಲ್ಲದೆ ಬರುತ್ತದೆ, ಕಳ್ಳನ ಹಾಗೆ ಎನ್ನುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ, ಅಡಿಕೆ ಮಗುಚುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಇದು ಕಡಬದವರೆಗೆ ಹೋಗ್ತದಾ?"

ಕಡಬದಾಚೆ ಗುಡ್ಡದ ಬುಡದಲ್ಲಿ ಅವರ ಅಕ್ಕನ ಮನೆ. ನನಗೆ ದೊಡ್ಡತ್ತೆ. ನಾನು ಮದುವೆಯಾಗಿ ಬರುವ ಮೊದಲೇ ಆ ಮನೆಗೂ ಈ ಮನೆಗೂ ಮಾತು ಬಿಟ್ಟಿತ್ತು. ಅಕ್ಕತಂಗಿಯರ ತವರಿನ ಜಾಗ ಪಾಲಾಗುವಾಗ ಇಬ್ಬರ ಗಂಡಂದಿರಿಗೂ ಜಗಳವಾಗಿ, ನಮ್ಮ ಮಾವ ದೊಡ್ಡತ್ತೆಯ ಮನೆಯ ಜಗಲಿಯಿಂದ ಎದ್ದು, "ಇನ್ನು ನಮ್ಮ ಮನೆಯವರು ಯಾರೂ ಈ ಮನೆಯ ನೀರು ಮುಟ್ಟುದಿಲ್ಲ" ಎಂದು ಹೇಳಿ ಬಂದಿದ್ದರಂತೆ. ನಮ್ಮ ಕಡೆ ಯಾರು ಮನೆಗೆ ಬಂದರೂ ಮೊದಲು ಬೆಲ್ಲ ನೀರು ಕೊಡುವುದು ವಾಡಿಕೆ. ಅದನ್ನು ಮುಟ್ಟದಿದ್ದರೆ ಆ ಮನೆಯವರ ಮುಖಕ್ಕೆ ಹೊಡೆದಂತೆ. ಹೇಳಿದ ಮಾವ ಈಗಿಲ್ಲ, ಹೇಳಿಸಿಕೊಂಡ ದೊಡ್ಡಮಾವನೂ ಇಲ್ಲ. ಮಾತು ಮಾತ್ರ ತೋಟದ ಜೊತೆಗೆ ನನ್ನ ಗಂಡನ ಪಾಲಿಗೆ ಬಂತು. ಇದರಲ್ಲಿ ಅತ್ತೆಯ ಅಭಿಪ್ರಾಯವೇನೆಂದು ಯಾರೂ ಕೇಳಿದ ಹಾಗೆ ಕಾಣೆ. ದೊಡ್ಡತ್ತೆ ಹಾಸಿಗೆ ಹಿಡಿದಿದ್ದಾರೆ, ಜನರ ಗುರುತೂ ಸರಿಯಾಗಿ ಸಿಗುವುದಿಲ್ಲ ಎಂಬ ಸುದ್ದಿ ಯಾವುದೋ ಮದುವೆ ಮನೆಯಲ್ಲಿ ಅತ್ತೆಯ ಕಿವಿಗೆ ಬಿದ್ದಿತ್ತು.

ಗಂಡನಿಗೆ ಹೇಳಿದೆ. "ನಾನಂತೂ ಬರುದಿಲ್ಲ. ನೀವು ಹೋಗುದಾದ್ರೆ ಹೋಗಿ. ನೀರು ಮಾತ್ರ ಮುಟ್ಟುದು ಬೇಡ. ಅಪ್ಪನ ಮಾತು ಉಂಟು" ಎಂದರು. ಇದನ್ನು ದೊಡ್ಡ ಉದಾರತೆ ಎಂದುಕೊಂಡೇ ಹೇಳಿದರು, ಬಹುಶಃ ಅವರ ಮಟ್ಟಿಗೆ ಅದು ಉದಾರತೆಯೇ ಆಗಿತ್ತು.

ಡಿಸೆಂಬರಿನ ಒಂದು ಆದಿತ್ಯವಾರ ಹೋಗುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಕಾಲೇಜಿನಲ್ಲಿ ಏನೋ ಕಾರ್ಯಕ್ರಮ, ಶನಿವಾರವೂ ಹೋಗಲೇಬೇಕಾಯಿತು. ಕಾರು ಚಾರ್ಜಿಗೆ ಇರಲಿ ಎಂದು ಗಂಡನ ಜೊತೆ ಹೋದೆ. ಬೆಳಿಗ್ಗೆ ತಂತಿ ಸಿಕ್ಕಿಸಿ ಹಸಿರು ದೀಪ ಬಂದದ್ದನ್ನು ನೋಡಿಯೇ ಹೊರಟಿದ್ದೆ. ದಿನವಿಡೀ ಒಳ್ಳೆಯ ಬಿಸಿಲು. ಸಂಜೆ ಬಂದು ನೋಡಿದರೆ ಕಾರಿನಲ್ಲಿ ಚಾರ್ಜು ಅರ್ಧಕ್ಕೂ ಏರಿರಲಿಲ್ಲ.

ತಂತಿ ನೋಡಿದೆ, ಪ್ಲಗ್ಗು ನೋಡಿದೆ, ಗಂಡ ಫ್ಯೂಸು ನೋಡಿದರು. ಎಲ್ಲ ಸರಿಯಿತ್ತು. ಅಂಗಳದ ಮೂಲೆಗೆ ಹೋದಾಗ ಪ್ಯಾನೆಲ್‌ಗಳ ಮೇಲೆ ಅಲ್ಲಲ್ಲಿ ಬಿಳಿ ಹುಡಿ ಅಂಟಿಕೊಂಡಿರುವುದು ಕಂಡಿತು. ಒಳಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆ ಮರಗೆಣಸಿನ ಹಪ್ಪಳಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಇದನ್ನು ಎಲ್ಲಿ ಒಣಗಿಸಿದ್ದು ಅತ್ತೆ?"

"ಅಂಗಳದಲ್ಲಿ ಎಲ್ಲಿ ಉಂಟು ಜಾಗ? ಅಡಿಕೆ ತುಂಬ್ಕೊಂಡು ಉಂಟಲ್ಲ. ನಿನ್ನ ಆ ಗಾಜಿನ ಹಲಗೆ ಮೇಲೆ ಹಳೇ ಸೀರೆ ಹಾಸಿ, ಕ್ಲಿಪ್ಪು ಸಿಕ್ಕಿಸಿ ಹಾಕಿದೆ. ಎಂಥ ಚಂದ ಒಣಗ್ತದೆ ಮಾರಾಯ್ತಿ! ಕೆಳಗಿಂದಲೂ ಬಿಸಿ, ಮೇಲಿಂದಲೂ ಬಿಸಿ. ಧೂಳು ಇಲ್ಲ, ಕೋಳಿ ಹತ್ತುದಿಲ್ಲ. ಇಷ್ಟು ದಿನ ಸುಮ್ಮನೆ ಬಿಟ್ಟದ್ದು."

ಹಪ್ಪಳ ಅಕ್ಕನಿಗೆ. ಮರಗೆಣಸಿನ ಹಪ್ಪಳವೆಂದರೆ ಅಕ್ಕನಿಗೆ ಪ್ರಾಣವಂತೆ. ಆ ಮನೆಯ ನೀರು ಮುಟ್ಟುವ ಹಾಗಿಲ್ಲ, ಆದರೆ ಆ ಮನೆಗೆ ಹಪ್ಪಳ ಕೊಡಬಾರದು ಎಂದು ಮಾವ ಹೇಳಿರಲಿಲ್ಲ.

ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂತು. ಪ್ಯಾನೆಲ್ ಮುಚ್ಚಿದರೆ ಕರೆಂಟು ಬರುವುದಿಲ್ಲ ಎಂದು ವಿವರಿಸಿದೆ. ಅವರು ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತರು. "ಎಲ್ಲಾ ಕಡೆ ಮುಚ್ಚಿರಲಿಲ್ಲ. ಅಂಚು ಬಿಟ್ಟಿದ್ದೆ" ಎಂದರು. ಅಂಚಿನಲ್ಲಿ ಬಂದ ಬಿಸಿಲೇ ನಮ್ಮನ್ನು ಕಡಬಕ್ಕೆ ಮುಟ್ಟಿಸಬೇಕಾಗಿತ್ತು. ಹೋಗುವುದಕ್ಕೆ ಸಾಕು, ಗುಡ್ಡದ ದಾರಿಯಲ್ಲಿ ಹಿಂದೆ ಬರುವುದಕ್ಕೆ ಸಾಲದು. ಮುಂದಿನ ಆದಿತ್ಯವಾರ ಹೋಗುವ ಎಂದೆ.

"ಮುಂದಿನ ವಾರ ಅಕ್ಕ ಇರ್ತಾಳಾ?" ಎಂದರು.

ಮರುದಿನ ಬೆಳಿಗ್ಗೆಯೇ ಹೊರಟೆವು. ಬೆಳ್ಳಾರೆ ದಾಟಿ, ಪಂಜ ದಾಟಿ ಹೋಗುವ ದಾರಿ. ಅತ್ತೆಯ ಮಡಿಲಲ್ಲಿ ಹಪ್ಪಳದ ಡಬ್ಬಿ, ಕಾಲ ಬಳಿ ಬುತ್ತಿ, ಮನೆಯ ಬಾವಿಯ ನೀರು ತುಂಬಿದ ದೊಡ್ಡ ಬಾಟ್ಲಿ. "ನೀನೂ ಕುಡೀಬೇಡ. ಒಬ್ಬಳು ಕುಡಿದು ಒಬ್ಬಳು ಬಿಟ್ರೆ ಚಂದ ಕಾಣುದಿಲ್ಲ" ಎಂದು ನನಗೂ ತಾಕೀತು ಮಾಡಿದ್ದರು. ದಾರಿಯಲ್ಲಿ ಒಂದು ಕಡೆ ಚಾರ್ಜು ಮಾಡುವ ಜಾಗವಿದೆ ಎಂದು ಮೊಬೈಲ್ ತೋರಿಸಿತು. ಹೋಗಿ ನೋಡಿದರೆ ಸಿಮೆಂಟಿನ ಕಟ್ಟೆ ಕಟ್ಟಿಟ್ಟಿದ್ದರು, ಅದರ ಮೇಲೆ ಒಂದು ನಾಯಿ ಮಲಗಿತ್ತು. ಪುತ್ತೂರಿಗೆ ಹೋದರೆ ಖಂಡಿತ ಸಿಗುತ್ತದೆ, ಆದರೆ ಅದು ಬೇರೆಯೇ ದಿಕ್ಕು.

"ಅತ್ತೆ, ಅವರ ಮನೆಯಲ್ಲೇ ಚಾರ್ಜಿಗೆ ಇಡಬೇಕಾಗ್ತದೆ" ಎಂದೆ.

ಅವರು ಕಾಲ ಬಳಿಯ ಬಾಟ್ಲಿಯನ್ನು ಎತ್ತಿ ನೆಟ್ಟಗೆ ಇಟ್ಟರು. "ಕರೆಂಟು ತಾನೇ. ಅದೇನು ನೀರಲ್ಲ" ಎಂದು ಕೊನೆಗೆ ತಾವೇ ತೀರ್ಮಾನ ಕೊಟ್ಟರು.

ಬರುವ ಸುದ್ದಿ ಮೊದಲೇ ಮುಟ್ಟಿಸಿದ್ದೆವು, ದೊಡ್ಡತ್ತೆಯ ಮಗ ಅಂಗಳಕ್ಕೇ ಬಂದು ನಿಂತಿದ್ದ. ನನ್ನ ಗಂಡನಿಗಿಂತ ಸಣ್ಣವನು, ತಲೆಗೂದಲು ಮಾತ್ರ ಪೂರ್ತಿ ನೆರೆತಿತ್ತು. "ಬನ್ನಿ ಚಿಕ್ಕಮ್ಮ, ಬನ್ನಿ ಅತ್ತಿಗೆ" ಎಂದು, ನಿನ್ನೆ ಮೊನ್ನೆ ಬಂದು ಹೋದವರನ್ನು ಕರೆಯುವ ಹಾಗೆ ಕರೆದ. ಅವನ ಹೆಂಡತಿ ಎರಡು ಲೋಟ ನೀರು, ಬೆಲ್ಲದ ತಟ್ಟೆ ತಂದು ಮುಂದಿಟ್ಟಳು. ನಾವಿಬ್ಬರೂ ಮುಟ್ಟಲಿಲ್ಲ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು.

ಆ ನಾಚಿಕೆಯಲ್ಲೇ ಕಾರಿನ ವಿಷಯ ತೆಗೆಯಬೇಕಾಯಿತು. ನೀರು ಮುಟ್ಟದವರು ಪ್ಲಗ್ಗು ಕೇಳುವುದು! ಮೈದುನ ಉತ್ಸಾಹದಿಂದ ಎದ್ದೇ ಬಿಟ್ಟ.

"ಅಯ್ಯೋ, ಧಾರಾಳ ಉಂಟು ಅತ್ತಿಗೆ. ನಮ್ಮದು ತೋಡಿನ ಕರೆಂಟು. ಮೇಲೆ ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ಚಕ್ರ ತಿರುಗಿಸುದು. ಹಗಲೂ ರಾತ್ರಿ ತಿರುಗ್ತದೆ, ನಿಲ್ಲಿಸ್ಲಿಕ್ಕೆ ಇಲ್ಲ. ಹೆಚ್ಚಾದದ್ದನ್ನು ಬಚ್ಚಲಿನ ಕಾಯಿಲ್‌ಗೆ ಬಿಡುದು. ಸುಮ್ಮನೆ ನೀರು ಕುದಿಯುದು ಅಷ್ಟೆ. ನಿಮ್ಮ ಕಾರಿಗಾದ್ರೂ ಆಗ್ಲಿ."

ಅವನು ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಪುಟ್ಟ ಶೆಡ್ಡು, ಒಳಗೆ ಕಬ್ಬಿಣದ ಪೆಟ್ಟಿಗೆಯೊಳಗೆ ಗುಂಯ್ಗುಡುವ ಚಕ್ರ, ಕೆಳಗೆ ನೊರೆಯೆದ್ದು ಮತ್ತೆ ತೋಡಿಗೆ ಸೇರುವ ನೀರು. ಮಳೆಗಾಲದಿಂದ ಹಿಡಿದು ಬೇಸಿಗೆ ಬಲಿಯುವವರೆಗೂ ನಡೆಯುತ್ತದಂತೆ. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಅಡಿಕೆಯ ಜೊತೆ, ಹಪ್ಪಳದ ಜೊತೆ ಪಾಲಿಗೆ ನಿಲ್ಲಬೇಕಾಗಿಲ್ಲದ ಕರೆಂಟು ಅದು. ಅತ್ತೆ ಆ ನೊರೆಯನ್ನು ನೋಡುತ್ತಾ ನಿಂತಿದ್ದರು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ಆದರೆ ಮನೆಗೆ ಮರಳುವುದಕ್ಕೆ ಬೇರೆ ದಾರಿಯಿರಲಿಲ್ಲ. ಮೈದುನ ತಂತಿ ಎಳೆದುಕೊಟ್ಟ, ನಾನು ಸಿಕ್ಕಿಸಿದೆ. ಹಸಿರು ದೀಪ ಬಂತು. ನಿಧಾನಕ್ಕೆ ಏರುತ್ತದೆ, ಸಂಜೆಯಾದೀತು ಎಂದ. ಹಾಗಾಗಿ ಮುಖ ತೋರಿಸಿ ಬರುವುದೆಂದು ಹೋದ ನಾವು ಇಡೀ ದಿನ ಆ ಮನೆಯಲ್ಲಿ ಉಳಿದೆವು. ಊಟದ ಹೊತ್ತಿಗೆ ಅತ್ತೆ ಕಾರಿನಲ್ಲಿ ಕುಳಿತು ನಮ್ಮ ಬುತ್ತಿ ಬಿಚ್ಚಿದರು. ಎದುರಿಗೆ ಆ ಮನೆಯ ತಂತಿ ನಮ್ಮ ಕಾರಿಗೆ ಉಣಿಸುತ್ತಿತ್ತು. ಇಬ್ಬರೂ ಅರ್ಧಕ್ಕೇ ಬುತ್ತಿ ಮುಚ್ಚಿಟ್ಟೆವು.

ದೊಡ್ಡತ್ತೆ ಬೆಳಿಗ್ಗೆಯಿಂದ ನಿದ್ದೆಯಲ್ಲಿದ್ದರು. ಮಧ್ಯಾಹ್ನ ಕಳೆದ ಮೇಲೆ ಎಚ್ಚರವಾಯಿತು. ಮಗ ಅವರನ್ನು ಎಬ್ಬಿಸಿ ದಿಂಬಿಗೆ ಒರಗಿಸಿದ. ಅತ್ತೆ ಮಂಚದ ಪಕ್ಕ ಕುರ್ಚಿಯಲ್ಲಿ ಕುಳಿತು, "ಅಕ್ಕಾ, ನಾನು" ಎಂದರು. ದೊಡ್ಡತ್ತೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಯಾರೋ ಬಂದಿದ್ದಾರಲ್ಲ, ಕುಡೀಲಿಕ್ಕೆ ಎಂತ ಕೊಟ್ಟಿ?" ಎಂದು ಕೇಳಿದರು. ಅವರಲ್ಲಿ ಉಳಿದದ್ದು ಮನೆಗೆ ಬಂದವರನ್ನು ವಿಚಾರಿಸಿಕೊಳ್ಳುವ ಆ ರೂಢಿ ಒಂದೇ ಎಂದು ಮೈದುನ ನನಗೆ ಮೆಲ್ಲಗೆ ಹೇಳಿದ. ಅವನ ಹೆಂಡತಿ ಮತ್ತೆ ಒಂದು ಲೋಟ ನೀರು ತಂದು ಮಂಚದ ಬದಿಯ ಸ್ಟೂಲಿನ ಮೇಲೆ ಇಟ್ಟಳು.

ಅತ್ತೆ ಡಬ್ಬಿ ತೆರೆದು ಹಪ್ಪಳ ತೋರಿಸಿದರು. ತವರಿನ ಹಟ್ಟಿಯ ಹಸುವಿನ ಸುದ್ದಿ ಹೇಳಿದರು, ಇಬ್ಬರೂ ಸೇರಿ ಗೇರುಬೀಜ ಕದ್ದು ಸುಟ್ಟು ಕೈ ಸುಟ್ಟುಕೊಂಡದ್ದು ಹೇಳಿದರು. ದೊಡ್ಡತ್ತೆ ಬೇರೆಯವರ ಮನೆಯ ಕಥೆ ಕೇಳುವ ಹಾಗೆ, ಮರ್ಯಾದೆಯಿಂದ, ನಗುನಗುತ್ತಾ ಕೇಳಿದರು.

"ಅಮ್ಮ, ಇವರು ಸುಳ್ಯದ ಚಿಕ್ಕಮ್ಮ. ನಿನ್ನ ತಂಗಿ" ಎಂದ ಮಗ.

"ತಂಗಿಯಾ?" ದೊಡ್ಡತ್ತೆಯ ಮುಖ ಒಮ್ಮೆಲೇ ಚುರುಕಾಯಿತು. "ತಂಗಿ ಉಂಟು ನನಗೆ ಒಬ್ಬಳು, ಸುಳ್ಯದಲ್ಲಿ. ಅವಳು ಬರುದಿಲ್ಲ ಇಲ್ಲಿಗೆ. ಬಂದ್ರೂ ನಮ್ಮಲ್ಲಿ ನೀರು ಮುಟ್ಟುದಿಲ್ಲ."

ಹೇಳಿ, ಅವರು ಸ್ಟೂಲಿನ ಮೇಲಿನ ಲೋಟವನ್ನು ನೋಡಿದರು. ಲೋಟ ತುಂಬಿದ ಹಾಗೇ ಇತ್ತು. ಲೋಟದಿಂದ ಅತ್ತೆಯ ಮುಖಕ್ಕೆ, ಮುಖದಿಂದ ಲೋಟಕ್ಕೆ, ಏನನ್ನೋ ಜೋಡಿಸುವವರ ಹಾಗೆ ಅವರ ಕಣ್ಣು ಓಡಾಡಿತು. ಇನ್ನು ಸ್ವಲ್ಪ ಹೊತ್ತು ಆ ಲೋಟ ಹಾಗೇ ಇದ್ದಿದ್ದರೆ ಗುರುತು ಸಿಗುತ್ತಿತ್ತೆಂದು ನಾನು ಈಗಲೂ ನಂಬಿದ್ದೇನೆ. ಅತ್ತೆಗೂ ಅದು ಅರ್ಥವಾಗಿತ್ತು. ನನಗೆ ಸತ್ತ ಮಾವನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಅಕ್ಕನ ನೆನಪಿನಲ್ಲಿ ತಂಗಿಯದೆಂದು ಅವರು ಉಳಿಸಿಹೋದ ಗುರುತು, ನೀರು ಮುಟ್ಟದವಳು ಎಂಬುದೊಂದೇ.

ಅತ್ತೆ ಕೈ ಚಾಚಿ ಲೋಟ ಎತ್ತಿಕೊಂಡರು. ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಅಕ್ಕನಿಗೆ ಕಾಣುವ ಹಾಗೆ ಕೆಳಗಿಟ್ಟರು.

ದೊಡ್ಡತ್ತೆ ಸಮಾಧಾನದಿಂದ ದಿಂಬಿಗೆ ಒರಗಿದರು. "ನೋಡು, ನಾನು ಹೇಳಿದೆನಲ್ಲ" ಎಂದರು ಮಗನಿಗೆ. "ಇವರು ಅವಳಲ್ಲ."