ಎಳೆಬಿಸಿಲಿಗೆ ಹೆದರುವ ಗಾಜಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಹನಗಳು ನಿಲ್ಲುವ ತಗಡಿನ ಶೆಡ್ಡಿನಲ್ಲಿ, ಶಾಲಾ ವ್ಯಾನಿನ ಮುಂದಿನ ಸೀಟಿನ ಮೇಲೆ ಮಂಡಿಯೂರಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಗಾಜು ಒರೆಸುತ್ತಿದ್ದಾರೆ. ಹೊರಗಿನದಲ್ಲ, ಒಳಗಿನದು. ಗಾಜು ಡ್ಯಾಶ್‌ಬೋರ್ಡಿಗೆ ಸೇರುವ ಇಕ್ಕಟ್ಟಿನ ಮೂಲೆಗೆ ಕೈ ಹೋಗದು. ಅಂಗೈ ಮಗುಚಿ, ಬೆರಳ ಹಿಂಬದಿಯಿಂದ ಬಟ್ಟೆಯನ್ನು ತಳ್ಳುತ್ತಾರೆ. ಶೆಡ್ಡಿನವರಿಗೆಲ್ಲ ಇವರು ಗಾಜಕ್ಕ. ನಿಜವಾದ ಹೆಸರು ಕೇಳಿದರೆ ಚಾಲಕರು ತಲೆ ಕೆರೆದುಕೊಳ್ಳುತ್ತಾರೆ.

ಹೊರಗಿನ ಗಾಜಿಗೆ ಬಕೆಟ್‌ಗಟ್ಟಲೆ ನೀರು ಸುರಿಯುವ ನಾವು ಒಳಗಿನದನ್ನು ಮುಟ್ಟುವುದಾದರೂ ಯಾವಾಗ? ಮಂಜು ಕವಿದಾಗ ಅಂಗೈಯಿಂದ ಒಮ್ಮೆ ಉಜ್ಜಿ, ಕೈಯ ಜಿಡ್ಡನ್ನೂ ಅದಕ್ಕೇ ಬಳಿದು, ಏನೋ ಘನಕಾರ್ಯ ಮಾಡಿದವರಂತೆ ಹೊರಟುಬಿಡುತ್ತೇವೆ. ಉಸಿರು, ಧೂಳು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಹಬೆ ಎಲ್ಲ ಸೇರಿ ಆ ಗಾಜಿನ ಮೇಲೆ ತೆಳುವಾದ ಪೊರೆ ಕೂರುತ್ತದೆ. ನೆರಳಿನಲ್ಲಿ ಅದು ಕಣ್ಣಿಗೇ ಬೀಳದು. ಎಳೆಬಿಸಿಲು ಎದುರಿನಿಂದ ಬಡಿಯಿತೋ, ಇಡೀ ಗಾಜು ಬೆಳ್ಳಗಾಗಿ ದಾರಿಯೇ ಮಾಯವಾಗುತ್ತದೆ.

ಗಾಜಕ್ಕನ ಗಂಡನಿಗೆ ಆದದ್ದೂ ಅದೇ. ಟ್ಯಾಕ್ಸಿ ಓಡಿಸುತ್ತಿದ್ದವರು, ಒಂದು ಮುಂಜಾನೆ ತಿರುವಿನಲ್ಲಿ ನಿಂತಿದ್ದ ಲಾರಿ ಕಾಣದೆ ಹೋಗಿ ಗುದ್ದಿದರು. ಜೀವವೇನೋ ಉಳಿಯಿತು, ಬಲಗಾಲು ಇಂದಿಗೂ ಮಡಚುವುದಿಲ್ಲ. ಮನೆಯಲ್ಲಿ ಕೂತು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅವರು, ಕಾಲು ಕೆಟ್ಟರೂ ಬಾಯಿ ನೆಟ್ಟಗಿದೆಯಲ್ಲ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಗಾಜಕ್ಕ ಮಾತ್ರ ನಗುವುದಿಲ್ಲ. “ಅವತ್ತು ಕಾರು ತೊಳೆದು ಕಳಿಸಿದ್ದು ನಾನೇ. ಹೊರಗೆಲ್ಲ ಫಳಫಳ ಅಂತಿತ್ತು. ಒಳಗಡೆ ಒರೆಸ್ಬೇಕು ಅಂತ ನಂಗೆಲ್ಲಿ ಗೊತ್ತಿತ್ತು?” ಎನ್ನುತ್ತಾರೆ.

ಅಂದಿನಿಂದ ಇದೇ ಕೆಲಸ. ದಿನಕ್ಕೆ ಎಂಟೋ ಹತ್ತೋ ವಾಹನ. ಗಾಜಿನ ಜೊತೆಗೆ, ವಾಹನದೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಬದಲಿಸುವುದೂ ಇವರ ಪಾಲಿಗೇ. ಎಡಸೀಟಿನ ಮುಂದಿನ ಪೆಟ್ಟಿಗೆ ಖಾಲಿ ಮಾಡಿ, ಅದನ್ನು ಕೆಳಗಿಳಿಸಿ, ಹಿಂದಿನ ಮುಚ್ಚಳ ತೆಗೆದು ಹಳೆಯದನ್ನು ಮೆಲ್ಲಗೆ ಎಳೆಯಬೇಕು. ಒಣ ಎಲೆ, ಹಕ್ಕಿಗರಿ, ಇಲಿಹಿಕ್ಕೆ, ಏನುಂಟು ಏನಿಲ್ಲ! ಅದು ಕಟ್ಟಿಕೊಂಡರೆ ಗಾಳಿ ಬರದು, ಗಾಳಿ ಬರದಿದ್ದರೆ ಗಾಜಿನ ಮಂಜು ಬಿಡದು. ಆ ಧೂಳಿಗೇ ಮೂಗಿನ ಬಟ್ಟೆ. ಆದರೂ ಕೆಮ್ಮು ಬೆನ್ನು ಬಿಟ್ಟಿಲ್ಲ. ಸ್ಪಿರಿಟ್ ನೀರಿನಲ್ಲಿ ಒರಟು ಬಟ್ಟೆ ಹಿಂಡಿ ಹಿಂಡಿ ಕೈ ಒಡೆದುಹೋಗಿದೆ.

ಇವತ್ತೂ ವ್ಯಾನಿನ ಫಿಲ್ಟರ್ ಬದಲಿಸಿ, ಗಾಜು ಒರೆಸಿ ಕೆಳಗಿಳಿಯುತ್ತಾರೆ. ವ್ಯಾನಿನ ಚಾಲಕ ತಲೆಯಾಡಿಸಿ ಹೊರಡುತ್ತಾನೆ. ಮನೆಮನೆಯ ಮಕ್ಕಳನ್ನು ಹತ್ತಿಸಿಕೊಂಡು, ಕಾಲುವೆಯ ಪಕ್ಕದ ತಡೆಗೋಡೆಯಿಲ್ಲದ ರಸ್ತೆ ಹಿಡಿದು ಪೂರ್ವಕ್ಕೆ ಹೋಗಬೇಕು. ಗಾಜಕ್ಕ ಮೂಗಿನ ಬಟ್ಟೆ ಬಿಚ್ಚಿ ಒಂದೆರಡು ವಾಹನದ ಫಿಲ್ಟರ್ ಪೊಟ್ಟಣ ಜೋಡಿಸಿಡುತ್ತಾರೆ, ಚಹಾ ಕುಡಿಯುತ್ತಾರೆ. ಆಮೇಲೆ ಶೆಡ್ಡಿನ ಇನ್ನೊಬ್ಬ ಚಾಲಕ ಮೀಸೆಯಣ್ಣನ ಟ್ಯಾಕ್ಸಿಯ ಹಿಂದಿನ ಗಾಜಿಗೆ, ವ್ಯಾನಿನ ಗಾಜು ಒರೆಸಿದ ಬಟ್ಟೆಯನ್ನೇ ಹಚ್ಚುತ್ತಾರೆ. ಹಚ್ಚಿದ ಕೈ ನಿಲ್ಲುತ್ತದೆ. ಬಟ್ಟೆ ಜಾರುತ್ತಿದೆ. ಮೂಗಿನ ಹತ್ತಿರ ಹಿಡಿದರೆ ಮಲ್ಲಿಗೆಯ ಪರಿಮಳ.

ಗಾಜಿನ ಬಟ್ಟೆಯನ್ನು ಬರೀ ನೀರಿನಲ್ಲಿ ಒಗೆಯಬೇಕು, ಅದು ಮನೆಯ ಕಟ್ಟಪ್ಪಣೆ. ಅತ್ತೆಯ ಒಡೆದ ಕೈ ನೋಡಲಾರದೆ, ಬಟ್ಟೆ ಮೆತ್ತಗಾಗಲೆಂದು ಸೊಸೆ ಬಟ್ಟೆ ಮೃದು ಮಾಡುವ ದ್ರವದಲ್ಲಿ ಅದ್ದಿದ್ದಾಳೆ. ಆ ದ್ರವ ಗಾಜಿಗೆ ಹತ್ತಿದರೆ ಜಿಡ್ಡಿನ ಪೊರೆಯೇ. ಅದನ್ನೇ ಗಾಜಕ್ಕ ವ್ಯಾನಿನ ಮುಂಗಾಜಿಗೆ ಮೂಲೆ ಬಿಡದೆ ಬಳಿದು ಕಳಿಸಿದ್ದಾರೆ.

ಫೋನ್ ಹಚ್ಚುತ್ತಾರೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಆ ಚಾಲಕನ ಕಿವಿ ಹಿಂಡಿದವರು ಇವರೇ ತಾನೆ! ಶೆಡ್ಡಿನ ತಗಡಿನಂಚು ಆಗಲೇ ಕೆಂಪಾಗುತ್ತಿದೆ. ಗಾಜಕ್ಕ ಸ್ಪಿರಿಟ್ ಬಾಟಲಿ ಹಿಡಿದೇ ಟ್ಯಾಕ್ಸಿಯ ಬಾಗಿಲು ತೆರೆದು ಕೂತು, ಕಾಲುವೆ ರಸ್ತೆಗೆ ಎನ್ನುತ್ತಾರೆ. ಮೀಸೆಯಣ್ಣ ಅವರ ಮುಖ ನೋಡಿದವನೇ ಗಾಡಿ ಎಬ್ಬಿಸುತ್ತಾನೆ.

ಕಾಲುವೆ ರಸ್ತೆಯಲ್ಲಿ ವ್ಯಾನು ಕಾಣುವುದಿಲ್ಲ. ಗಾಜಕ್ಕನ ಕಣ್ಣು ರಸ್ತೆಗಿಂತ ಹೆಚ್ಚಾಗಿ ನೀರಿನ ಮೇಲೆ. ನೀರು ಸುಮ್ಮನೆ ಹರಿಯುತ್ತಿದೆ. ಬಿಸಿಲು ಎದುರಿಗೆ ಬಂದೇ ಬಿಡುತ್ತದೆ. ಒಂದು ತಿರುವು ಕಳೆಯುತ್ತದೆ, ಇನ್ನೊಂದು ಕಳೆಯುತ್ತದೆ. ಮೂರನೆಯ ತಿರುವಿನಲ್ಲಿ ವ್ಯಾನು ನಿಂತಿದೆ. ಮುಂದಿನ ಒಂದು ಚಕ್ರ ರಸ್ತೆ ಬಿಟ್ಟು ಹುಲ್ಲಿಗಿಳಿದಿದೆ. ಒಳಗೆ ಮಕ್ಕಳು ಪಕ್ಕದ ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ಬೆಕ್ಕು ಬರೆಯುತ್ತಾ ಕೂತಿವೆ.

ಚಾಲಕ ಹೊರಗೆ ನಿಂತಿದ್ದಾನೆ, ತುಟಿ ಬಿಳಿಚಿಕೊಂಡಿದೆ. “ಒಂದೇ ಸಲಕ್ಕೆ ಎಲ್ಲ ಬೆಳ್ಳಗಾಯ್ತಕ್ಕ. ಬ್ರೇಕ್ ಹಾಕ್ದೆ. ಇಳಿದು ನೋಡಿದ್ರೆ ಕಾಲುವೆ,” ಎನ್ನುತ್ತಾನೆ.

ತಪ್ಪು ನನ್ನದೇ ಎಂದು ಗಾಜಕ್ಕ ಅಲ್ಲೇ ಹೇಳಿಬಿಡುತ್ತಾರೆ. ಮೀಸೆಯಣ್ಣನ ಸೀಟಿನಲ್ಲಿದ್ದ ಹಳೆಯ ಪೇಪರನ್ನು ಮುದ್ದೆ ಮಾಡಿ, ಸ್ಪಿರಿಟ್ ಚಿಮುಕಿಸಿ, ಗಾಜನ್ನು ಒರೆಸಿ, ಮತ್ತೆ ಒರೆಸುತ್ತಾರೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಚಾಲಕನ ಸೀಟಿನಲ್ಲಿ ಕೂತು, ದೂರದ ಮೈಲಿಗಲ್ಲು ಕಾಣುವವರೆಗೂ ಅವನಿಗೆ ಜಾಗ ಬಿಡುವುದಿಲ್ಲ.

ವ್ಯಾನು ಶಾಲೆ ಮುಟ್ಟಿದ ಸುದ್ದಿ ಫೋನಿನಲ್ಲಿ ಬರುವವರೆಗೆ ಅವರು ಕಾಲುವೆಯ ದಂಡೆ ಬಿಟ್ಟು ಏಳುವುದಿಲ್ಲ. “ಸೊಸೆಗೆ ಬಯ್ಯೋಕೆ ನಂಗೆ ಬಾಯಿಲ್ಲ. ಅವಳು ನನ್ನ ಕೈ ನೋಡಿ ಮರುಗಿದ್ಲು. ಮೂಸಿ ನೋಡದೆ ಹಚ್ಚಿದ್ದು ನಾನು,” ಎನ್ನುತ್ತಾರೆ. ನಾಳೆಯಿಂದ ಬರುವುದಿಲ್ಲವೇ ಎಂದು ಮೀಸೆಯಣ್ಣ ಅಳುಕುತ್ತಲೇ ಕೇಳುತ್ತಾನೆ. ಬರದೆ ಇದ್ದರೆ ಒಳಗಡೆ ಒರೆಸುವವರು ಯಾರು ಎಂದು ಅವರು ತಿರುಗಿ ಕೇಳುತ್ತಾರೆ. ಇಷ್ಟು ವರ್ಷದಲ್ಲಿ ನಿಮಗಾಗಿ ಏನಾದರೂ ಆಸೆ ಉಳಿದಿದೆಯೇ ಎಂದು ಅವನೇ ಮತ್ತೆ ಕೇಳುತ್ತಾನೆ. ಗಾಜಕ್ಕ ಬಿಸಿಲಿಗೆ ಬೆನ್ನು ಮಾಡಿಯೇ ಕೂತಿದ್ದಾರೆ.

“ಸೂರ್ಯ ಹುಟ್ಟೋದು ನೋಡೋಕೆ ತುಂಬಾ ಚೆನ್ನಾಗಿರುತ್ತಂತೆ. ಒಂದು ದಿನ ಹೆದರಿಕೆ ಇಲ್ದೆ ನೋಡ್ಬೇಕು.”