ಹೂವಿನಮ್ಮನ ಅನುಮಾನ

ಮೊನ್ನೆ ಅಮ್ಮನ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಖಾಲಿಯಾದ ಹಾಳೆಯೊಂದು ಕೈಯಲ್ಲಿ ಪರಪರ ಎಂದಿತು. ಆ ಸದ್ದಿಗೆ ಹೂವಿನಮ್ಮ ನೆನಪಾದರು... ಬನಶಂಕರಿಯ ನಮ್ಮ ರಸ್ತೆಯ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಕಲ್ಲಿನ ಮೇಲೆ ಕೂತು ಹೂ ಮಾರುತ್ತಿದ್ದವರು.

ಅವರು ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮಲ್ಲಿಗೆಯ ಚೀಲವನ್ನು ತಳದವರೆಗೆ ಕೆದಕಿ ನೋಡುವರು. ಬಸ್ ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನ್ನು ಕೇಳಿ, ಆಮೇಲೆ ಪಕ್ಕದ ಸೀಟಿನವರನ್ನೂ ಕೇಳುವರು.

ಅಮ್ಮನಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಸಕ್ಕರೆ ಕಾಯಿಲೆ ಹಿಡಿದದ್ದೂ ಒಂದೇ ಸುಮಾರಿಗೆ. ಅಮ್ಮ ಜಯನಗರದ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಹೂವಿನಮ್ಮ ಸಿದ್ದಾಪುರದ ತಮ್ಮ ಮನೆಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಡುವ ಮಾತ್ರೆ ತರುತ್ತಿದ್ದರು. ಅಮ್ಮನ ಸಕ್ಕರೆ ಹತೋಟಿಗೆ ಬಂತು. ಅವರದು ಏರುತ್ತಲೇ ಹೋಯಿತು.

ಒಂದು ಬೆಳಿಗ್ಗೆ ಅವರು ನಮ್ಮ ಮನೆಯೊಳಗೆ ಬಂದು, ಸೆರಗಿನ ಗಂಟಿನಿಂದ ಮಾತ್ರೆಯ ಹಾಳೆ ತೆಗೆದರು.

"ನಿಮ್ದು ತೋರ್ಸಿ ಅಕ್ಕ."

ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ಹೇಳಿದೆ. ಔಷಧಿ ಒಂದೇ, ಪ್ರಮಾಣವೂ ಒಂದೇ, ಕಂಪನಿ ಮಾತ್ರ ಬೇರೆ.

"ಮೇಲ್ಗಡೆ ಒಂದೇ ಬರ್ದಿರ್ತಾರೆ. ಒಳಗಡೆ ಸೀಮೆಸುಣ್ಣ ಇಟ್ಟಿದ್ರೆ ನಮ್ಗೇನ್ ಗೊತ್ತಾಗತ್ತೆ?"

ಅಮ್ಮ ತನ್ನ ಹಾಳೆಯನ್ನು ಅವರತ್ತ ತಳ್ಳಿದಳು. "ಹಂಗಾದ್ರೆ ಮುಂದಿನ್ ಟೆಸ್ಟ್‌ವರ್ಗೂ ನನ್ನದು ನೀನ್ ತಗೊ. ನಿನ್ನದು ನಾನ್ ತಗೋತೀನಿ."

ನಾನು ಹೆದರಿ ಡಾಕ್ಟರನ್ನು ಕೇಳಿದೆ. ಎರಡೂ ಒಂದೇ, ತೊಂದರೆಯಿಲ್ಲ ಎಂದರು. ಆದರೂ ಆ ಬಿಟ್ಟಿ ಮಾತ್ರೆಯನ್ನು ನುಂಗುವ ಮೊದಲು ಅಮ್ಮ ಅದನ್ನು ಮೂಸಿ ನೋಡಿದಳು.

ಟೆಸ್ಟ್ ಬಂತು. ಅಮ್ಮನ ಸಕ್ಕರೆ ಇದ್ದಲ್ಲೇ ಇತ್ತು. ಹೂವಿನಮ್ಮನದು ಇನ್ನಷ್ಟು ಏರಿತ್ತು.

"ನೀವು ಬೇರೆ ಏನೋ ತಗೋತೀರ ಅಕ್ಕ. ಹೇಳ್ತಿಲ್ಲ," ಎಂದರು. ಅಮ್ಮನಿಗೆ ಸಿಟ್ಟು ಬಂತು. "ಒಂದಿನ ಇದ್ದು ನೋಡ್ಕೊಂಡ್ ಹೋಗು."

ವ್ಯಾಪಾರ ಕಡಿಮೆಯಿದ್ದ ಒಂದು ದಿನ ಅವರು ನಿಜವಾಗಿಯೂ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತರು. ಅಮ್ಮ ಪಾರ್ಕಿನಿಂದ ಬಂದಳು, ತಿಂಡಿ ತಿಂದಳು, ಮಾತ್ರೆ ನುಂಗಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿದಳು. ಕಾಲಿಗೆ ಎಣ್ಣೆ ಸವರಿಕೊಂಡು ಮಲಗಿದಳು. ನಾನು ಹೂವಿನಮ್ಮನಿಗೆ ನೀರು ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಅಭ್ಯಾಸ ಇಲ್ಲಮ್ಮ. ಕುಡಿದ್ರೆ ಅಲ್ಲಿ ರಸ್ತೇಲಿ ಒಂದಕ್ಕೆ ಎಲ್ಲಿಗೆ ಹೋಗ್ಲಿ?"

ಕೇಳುತ್ತಾ ಹೋದಂತೆ ಉಳಿದದ್ದೂ ಹೊರಬಂತು. ನಸುಕಿಗೇ ಮಾರ್ಕೆಟ್ಟು, ಹೊಟ್ಟೆಗೆ ಟೀ ಮತ್ತು ಬನ್ನು. ಮಾತ್ರೆ ಊಟವಾದ ಮೇಲೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಊಟ ತಪ್ಪಿದ ದಿನ ಮಾತ್ರೆಯೂ ತಪ್ಪುತ್ತಿತ್ತು.

ಅಮ್ಮ ಎದ್ದು ಬಂದು ಕೇಳಿದಳು, "ಏನಾದ್ರೂ ಸಿಕ್ತಾ?"

"ಇಲ್ಲ ಅಕ್ಕ. ಮುಚ್ಚಿಟ್ಟಿರೋದು ಏನೂ ಕಾಣ್ಲಿಲ್ಲ," ಎಂದವರು ಹೊಸಿಲು ದಾಟುವಾಗ ತಿರುಗಿ, "ಆದ್ರೂ ಏನೋ ಇದೆ," ಎಂದರು.

ನಮ್ಮ ಬಚ್ಚಲನ್ನು ಬಳಸಿಕೊಳ್ಳಲು ಅಮ್ಮ ಹೇಳಿದಳು. ಕೆಲವು ದಿನ ಬಂದರು, ಆಮೇಲೆ ನಿಲ್ಲಿಸಿದರು. ಬುಟ್ಟಿ ಬಿಟ್ಟು ಬರಲು ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ.

ಶ್ರಾವಣದಲ್ಲಿ ಚಪ್ಪಲಿ ಕಚ್ಚಿ ಅವರ ಕಾಲ್ಬೆರಳು ಹುಣ್ಣಾಯಿತು. ಆಸ್ಪತ್ರೆಗೆ ಹೋಗಿ ಎಂದರೆ, "ವರಮಹಾಲಕ್ಷ್ಮಿ ಹಬ್ಬ ಮುಗೀಲಿ," ಎಂದರು. ಹಬ್ಬ ಮುಗಿಸಿ ಹೋದಾಗ ಅಲ್ಲಿನ ಡಾಕ್ಟರು ಬೆರಳು ತೆಗೆಯಬೇಕೆಂದರಂತೆ. ಹೂವಿನಮ್ಮ ಎದ್ದು ಬಂದುಬಿಟ್ಟರು. "ನಿಮ್ ಬೆರಳಾಗಿದ್ರೆ ಉಳ್ಸೋಕೆ ನೋಡ್ತಿದ್ರು. ನಮ್ದು ಅಂದ್ರೆ ಕತ್ತರಿಸೋದೇ," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಬೈದು, ಬೇಡಿಕೊಂಡು, ನನ್ನನ್ನು ಜೊತೆಗೆ ಕಳಿಸಿದಳು. ಅಷ್ಟರಲ್ಲಿ ನಂಜು ಮೊಣಕಾಲಿನವರೆಗೆ ಹತ್ತಿತ್ತು... ದೀಪಾವಳಿಗೆ ಮೊದಲೇ ಅವರ ಮಗಳು ಬಂದು ಗೇಟಿನಾಚೆಯೇ ನಿಂತು ತಾಯಿ ತೀರಿಕೊಂಡ ಸುದ್ದಿ ಹೇಳಿ ಹೋದಳು.

ಅವರ ಅನುಮಾನ ತಪ್ಪೆಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ. ಮಾತ್ರೆಯಲ್ಲಿ ಮೋಸವಿರಲಿಲ್ಲ, ಅಷ್ಟೇ.

ಹೋದ ವಾರ ಡಾಕ್ಟರು ಅಮ್ಮನ ರಿಪೋರ್ಟ್ ನೋಡಿ, "ಈ ವಯಸ್ಸಲ್ಲೂ ಇಷ್ಟು ಚೆನ್ನಾಗಿದ್ದೀರಲ್ಲ, ಎಲ್ಲಾ ನಿಮ್ ಶಿಸ್ತು," ಎಂದು ಮೆಚ್ಚಿಕೊಂಡರು. ಆಟೋದಲ್ಲಿ ಅಮ್ಮ ಆ ರಿಪೋರ್ಟನ್ನು ಮಡಚಿ ಚೀಲಕ್ಕೆ ತುರುಕಿದಳು.

"ಶಿಸ್ತಂತೆ," ಎಂದಳು. "ಅವಳು ಮಾರ್ಕೆಟ್ಟಿಗೆ ಅಂತ ನನಗಿಂತ ಮುಂಚೆ ಏಳ್ತಿದ್ಲು ಕಣೆ, ದಿನಾ."